ನಾವು ಮಯ್ಯತ್ ನಮಾಝ್ ಮಾಡಿದಾಗ ಆಶಿಕ್ ಬದುಕಿದ್ದನೇ?

ಹಡಗು ಕಂಪನಿಯ ಜಿದ್ದಾ ಕಚೇರಿಯ ಮಾನ್ಯ ಮುಖ್ಯಸ್ಥರೇ,

ಮೂರು ವರ್ಷಗಳ ಹಿಂದೆ ಕೆಂಪು ಸಮುದ್ರದಲ್ಲಿ ಮುಳುಗಿದ ನಿಮ್ಮ ಹಡಗಿನಲ್ಲಿ ಅಡುಗೆಯವನಾಗಿದ್ದ ಆಶಿಕ್ ನನ್ನ ತಂಗಿ ರಮ್ಲತಳ ಗಂಡ. ಅವನು ಯಾವ ದಿನ ತೀರಿಕೊಂಡನೆಂದು ನೀವು ಇವತ್ತಿಗೂ ಹೇಳಿಲ್ಲ. ಹೇಳದೆ ಸುಮ್ಮನಿದ್ದಿದ್ದರೂ ಒಂದು ಲೆಕ್ಕ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದಿರಿ. ಕಚೇರಿಗೆ ಬರೆದ ಪತ್ರಗಳಿಗೆ ಉತ್ತರ ಬಾರದ್ದರಿಂದ ಈಗ ಎಲ್ಲರ ಎದುರಿಗೇ ಬರೆಯುತ್ತಿದ್ದೇನೆ.

ಹಡಗು ಮುಳುಗಿದ್ದು ಗುರುವಾರ ಬೆಳಗಿನ ಜಾವ. ಶುಕ್ರವಾರ ಬೆಳಿಗ್ಗೆ ನಿಮ್ಮವರು ಫೋನ್ ಮಾಡಿ, "ಇನ್ನು ಯಾರೂ ಉಳಿದಿಲ್ಲ, ಎಲ್ಲ ಕ್ಷಣದಲ್ಲಿ ಮುಗಿದುಹೋಗಿದೆ" ಎಂದರು. ಕ್ಷಣದಲ್ಲಿ! ಆ ಮಾತನ್ನು ಹಿಡಿದುಕೊಂಡೇ ನನ್ನ ತಂಗಿ ಮೂರು ವರ್ಷ ಉಸಿರಾಡಿದಳು. ಶವ ಸಿಗದಿದ್ದರೆ ದೂರದಿಂದಲೇ ಮಯ್ಯತ್ ನಮಾಝ್ ಮಾಡುವುದು ನಮ್ಮ ಕ್ರಮ. ಸತ್ತವರಿಗಾಗಿ ನಾವು ನಿಂತು ಮಾಡುವ ಕೊನೆಯ ಪ್ರಾರ್ಥನೆ ಅದು. ನಿಮ್ಮನ್ನು ನಂಬಿ ಅಂದೇ ಜುಮಾ ನಮಾಝ್ ಮುಗಿಸಿ, ಇಲ್ಲಿಯ ಶರಫಿಯ್ಯಾ ಬಡಾವಣೆಯ ಒಂದು ಫ್ಲ್ಯಾಟಿನಲ್ಲಿ ಊರಿನವರೆಲ್ಲ ಸಾಲು ನಿಂತೆವು. ನಮ್ಮೂರಿನ ಹಿರಿಯರಾದ ಶಂಸುದ್ದೀನ್ ಹಾಜಿಯವರು ನಮಾಝ್ ನಡೆಸಲು ಮುಂದೆ ನಿಂತರು. ರಮ್ಲತ್ ಅಂದಿನಿಂದಲೇ ಇದ್ದತ್‌ಗೆ, ಅಂದರೆ ಗಂಡ ಸತ್ತವಳು ಅವನು ಸತ್ತ ದಿನದಿಂದ ಲೆಕ್ಕ ಹಾಕಿ ನಾಲ್ಕು ತಿಂಗಳು ಹತ್ತು ದಿನ ಪಾಲಿಸುವ ಏಕಾಂತಕ್ಕೆ ಕುಳಿತಳು.

ಕಳೆದ ತಿಂಗಳು ನೀವು ಮತ್ತೆ ನಮ್ಮನ್ನು ನೆನೆದಿರಿ. ನಿಮ್ಮ ಪ್ರಾಯೋಜಕತ್ವದಲ್ಲಿ ನಡೆದ ಟೈಟಾನಿಕ್ ಪ್ರದರ್ಶನಕ್ಕೆ "ಅಗಲಿದವರ ಕುಟುಂಬಗಳಿಗೆ ಗೌರವಪೂರ್ವಕ" ಉಚಿತ ಟಿಕೆಟ್ ಬಂತು. ಹಡಗು ಮುಳುಗಿಸಿಕೊಂಡ ಕಂಪನಿ ಮುಳುಗಿದ ಹಡಗಿನ ಪ್ರದರ್ಶನಕ್ಕೆ ಕರೆಯುವುದೆಂದರೆ! ಇದು ಯಾರಿಗೆ ಹೊಳೆಯಿತೋ ಅವರಿಗೆ ಬಡ್ತಿ ಸಿಕ್ಕಿರಬೇಕು. ಬೇಡವೆಂದೆ. ರಮ್ಲತಳ ಮಗಳು ಇಲ್ಹಾಮ್ ಹಟ ಹಿಡಿದಳು. ಹೋದೆವು.

ಕೊನೆಯ ಕೋಣೆಯಲ್ಲಿ ಐಸ್ ನೀರಿನ ತೊಟ್ಟಿ. ಆ ರಾತ್ರಿಯ ಅಟ್ಲಾಂಟಿಕ್ ಎಷ್ಟು ತಣ್ಣಗಿತ್ತೆಂದು ಕೈ ಅದ್ದಿ ತಿಳಿಯಬೇಕಂತೆ. "ಯಲ್ಲಾ ಯಲ್ಲಾ, ಬನ್ನಿ ಬನ್ನಿ, ಒಂದು ನಿಮಿಷ ಇಟ್ಟರೆ ಚಾಕಲೇಟ್!" ಎಂದು ಕೂಗುತ್ತಿದ್ದ ನಿಮ್ಮ ಸಿಬ್ಬಂದಿ. ಸಾಲಿನಲ್ಲಿದ್ದ ನಮ್ಮ ಕಡೆಯವನೊಬ್ಬ, "ಎಂತ ಮಾರಾಯ, ಐಸ್ ನೀರಿಗೂ ಕ್ಯೂವಾ? ನನ್ನ ರೂಮಿನ ಫ್ರಿಜ್ಜಿನಲ್ಲಿ ಫ್ರೀ ಉಂಟು" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಪಕ್ಕದ ಗೋಡೆಯ ಮೇಲೆ ಬರೆದಿತ್ತು: ಇಂಥ ನೀರಿನಲ್ಲಿ ಹೆಚ್ಚಿನವರು ಅರ್ಧ ಗಂಟೆಯೊಳಗೆ ಸಾಯುತ್ತಾರೆ, ಬೆಚ್ಚಗಿನ ಸಮುದ್ರದಲ್ಲಿ ಲೈಫ್ ಜಾಕೆಟ್ ಇದ್ದವನು ಒಂದು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಬದುಕಿರಬಲ್ಲ. ರಮ್ಲತ್ ಅದನ್ನು ಓದಿದಳು. ಮೊಣಕೈವರೆಗೆ ಕೈ ಮುಳುಗಿಸಿದಳು. ಚಾಕಲೇಟ್ ಕೊಡಲು ಬಂದರೂ ಕೈ ಹೊರತೆಗೆಯಲಿಲ್ಲ.

"ಉಮ್ಮಾ, ಸಾಕು, ತೆಗಿ. ಕೈ ಕೆಂಪಾಯ್ತು," ಎಂದು ಇಲ್ಹಾಮ್ ಎಳೆದಳು.

"ಇಷ್ಟು ತಣ್ಣಗಿದ್ರೆ ಬೇಗ ಮುಗೀತದೆ, ಕಾಕ," ಎಂದಳು ನನ್ನ ತಂಗಿ, ನನ್ನ ಮುಖ ನೋಡದೆ (ಅಣ್ಣನಿಗೆ ನಮ್ಮಲ್ಲಿ ಕಾಕ ಎನ್ನುತ್ತಾರೆ). "ನಮ್ಮ ಸಮುದ್ರ ಹೀಗಿಲ್ಲವಲ್ಲ. ನಾವು ನಮಾಝಿಗೆ ನಿಂತಾಗ ಇವರು ತೇಲ್ತಾ ಇದ್ರಾ?"

ಮಾನ್ಯರೇ, ನನಗೆ ಮರೆವು ಕಡಿಮೆ. ಹಡಗು ಮುಳುಗಿದ ಮೂರನೇ ದಿನ, ಶನಿವಾರ ಸಂಜೆ, ಮೀನುಗಾರರಿಗೆ ನಿಮ್ಮ ಹಡಗಿನ ಈಜಿಪ್ಟಿನ ನೌಕರನೊಬ್ಬ ಜೀವಂತ ಸಿಕ್ಕಿದ್ದು ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಾಗಿ ಬಂದಿತ್ತು. ಶುಕ್ರವಾರವೇ ಎಲ್ಲ ಮುಗಿದಿದ್ದರೆ ಶನಿವಾರ ಸಿಕ್ಕವನು ಯಾರು? ಒಬ್ಬ ತೇಲುತ್ತಿದ್ದನೆಂದರೆ ಅವನ ಪಕ್ಕದಲ್ಲಿ ಇನ್ನೊಬ್ಬನಿರಲಿಲ್ಲವೆಂದು ನಿಮಗೆ ಹೇಳಿದವರಾರು?

ಟೈಟಾನಿಕ್ ಕುರಿತು ನಾನು ಸಾಕಷ್ಟು ಓದಿದ್ದೇನೆ. ಶವ ಹುಡುಕಲು ಹೋದ ಹಡಗಿನಲ್ಲಿ ಮೊದಲ ದರ್ಜೆಯವರಿಗೆ ಪೆಟ್ಟಿಗೆ ಸಿಕ್ಕಿತು. ಮೂರನೇ ದರ್ಜೆಯವರಲ್ಲಿ, ನೌಕರರಲ್ಲಿ ಎಷ್ಟೋ ಜನರನ್ನು ಕ್ಯಾನ್ವಾಸಿನಲ್ಲಿ ಹೊಲಿದು, ಭಾರ ಕಟ್ಟಿ, ಸಮುದ್ರಕ್ಕೇ ಮರಳಿಸಿದರು. ಅದನ್ನು ಓದಿ ಸಿಟ್ಟಾಗಿದ್ದವನು ನಾನು. ಈಗ ಅನಿಸುತ್ತದೆ, ನೂರು ವರ್ಷಗಳ ಹಿಂದಿನ ಆ ಕಂಪನಿ ಸತ್ತವರಿಗಾಗಿ ವಾರಗಟ್ಟಲೆ ಹುಡುಕಿಸಿತು. ನೀವು ಬದುಕಿರಬಹುದಾದವರಿಗೆ ಎರಡನೇ ದಿನವನ್ನೂ ಕೊಡಲಿಲ್ಲ. ಉಪಗ್ರಹ, ಹೆಲಿಕಾಪ್ಟರ್ ಎಲ್ಲ ಇರುವ ಕಾಲದಲ್ಲಿ ನಿಮಗೆ ಅಷ್ಟು ಅವಸರ ಯಾತಕ್ಕಿತ್ತು?

ಪ್ರದರ್ಶನದಿಂದ ಬಂದ ಮೇಲೆ ರಮ್ಲತ್ ಆಶಿಕ್‌ನ ಬಗ್ಗೆ, ಸತ್ತವರ ಬಗ್ಗೆ ಹೇಳುವಂತೆ, "ಇದ್ದರು" ಎನ್ನುವುದನ್ನು ಬಿಟ್ಟಿದ್ದಾಳೆ. ಸಮಾಧಾನ ಹೇಳಲು ಶಂಸುದ್ದೀನ್ ಹಾಜಿಯವರು ಬಂದರು.

"ಅದೆಲ್ಲ ಬಿಡು ಮಗಳೇ. ಅಲ್ಲಾಹನಿಗೆ ಗೊತ್ತುಂಟು."

"ಅಲ್ಲಾಹನಿಗೆ ಗೊತ್ತುಂಟು ಹಾಜ್ಯಾರೇ, ಕಂಪನಿಗೂ ಗೊತ್ತುಂಟು. ನನಗೆ ಮಾತ್ರ ಗೊತ್ತಿಲ್ಲ. ನನ್ನ ಇದ್ದತ್ ಯಾವ ದಿನದಿಂದ ಲೆಕ್ಕ?"

ಮಸೀದಿಗಳಲ್ಲಿ ಐವತ್ತು ವರ್ಷ ಮಾತಾಡಿದ ಮನುಷ್ಯ ಮೆಲ್ಲಗೆ, "ಬೇಕಾದರೆ ಇನ್ನೊಮ್ಮೆ ನಮಾಝ್ ಮಾಡುವ" ಎಂದರು.

ನನ್ನ ಬೇಡಿಕೆ ಪರಿಹಾರವಲ್ಲ, ಕ್ಷಮೆಯೂ ಅಲ್ಲ. ಹುಡುಕಾಟ ನಿಂತದ್ದು ಯಾವಾಗ? ಯಾರ ಅಪ್ಪಣೆಯಿಂದ? ಹುಡುಕಲು ಹೋಗಿ ಕೊನೆಗೆ ವಾಪಸಾದವರು ಏನನ್ನು ಕಂಡು ವಾಪಸಾದರು? ಇದನ್ನು ಕಾಗದದಲ್ಲಿ ಕಳಿಸಬೇಡಿ. ನಮ್ಮ ಮನೆಗೆ ಬನ್ನಿ, ನೀವೇ ಬನ್ನಿ, ರಮ್ಲತಳ ಎದುರು ಕುಳಿತು ಹೇಳಿ. ಗೊತ್ತಿಲ್ಲವೆಂದಾದರೆ ಗೊತ್ತಿಲ್ಲವೆಂದೇ ಹೇಳಿ. ಏಕೆಂದರೆ ಹಾಜಿಯವರಿಗೆ ಅವಳು ಕೊಟ್ಟ ಉತ್ತರ ಇದು: "ಈ ಸಲ ಮೊದಲು ಕಂಪನಿಯವರು ಬಂದು ಸತ್ಯ ಹೇಳಲಿ. ಆಮೇಲೆ ಸಾಲು ನಿಲ್ಲಿ."

ಇಂತಿ,
ತಂಗಿಗೆ ಹೇಳಲು ಒಂದು ದಿನಾಂಕವೂ ಇಲ್ಲದ ಅಣ್ಣ,
ಇಲ್ಯಾಸ್, ಜಿದ್ದಾ