ರಿಪೇರಿ ತರಗತಿಯಲ್ಲಿ ಕೆಟ್ಟ ಯಂತ್ರ ಇರಕೂಡದಂತೆ

ಮಾನ್ಯ ತಪಾಸಣಾಧಿಕಾರಿಗಳೇ,

ನಮ್ಮ ತರಬೇತಿ ಕೇಂದ್ರದ ರಿಪೇರಿ ವಿಭಾಗದಲ್ಲಿ ತಾವು ಕಂಡ ಆ ವಾಷಿಂಗ್ ಮಷೀನು ತಾನಾಗಿ ಕೆಟ್ಟದ್ದಲ್ಲ. ಕೆಡಿಸಿದ್ದು ನಾನು. ಬಹಳ ಶ್ರದ್ಧೆಯಿಂದ, ಸಾಕಷ್ಟು ತಲೆ ಓಡಿಸಿ, ನೀರು ಹೊರಹಾಕುವ ಪಂಪಿನ ಬಾಯಿಗೆ ಒಂದು ಕಾಲುಚೀಲ ತುರುಕಿ ಕೆಡಿಸಿದೆ. ಕೆಡಿಸು ಎಂದವರು ನಮ್ಮ ಮೇಡಂ, ಏಕೆಂದರೆ ಅವತ್ತಿನ ಪಾಠವೇ ಅದು. ಆ ಪಾಠ ಮಾಡಿದ ತಪ್ಪಿಗೆ ತಾವು ಅವರನ್ನು ತರಗತಿಯಿಂದ ತೆಗೆದು ಸ್ಟೋರ್ ರೂಮಿನಲ್ಲಿ ಕೂರಿಸಿದ್ದೀರಿ. ಬರುವ ಸೋಮವಾರ ಅವರ ವಿಚಾರಣೆ. ಅಲ್ಲಿಗೆ ವಿದ್ಯಾರ್ಥಿಗಳಾದ ನಮ್ಮನ್ನು ಯಾರೂ ಕರೆದಿಲ್ಲ. ಆದ್ದರಿಂದ ಹೇಳಬೇಕಾದ್ದನ್ನು ನಾಲ್ಕು ಜನರೆದುರು ಈ ಬಹಿರಂಗ ಪತ್ರದಲ್ಲೇ ಹೇಳುತ್ತಿದ್ದೇನೆ.

ಇಂಥ ಪತ್ರ ಬರೆದು ನನಗೆ ಅಭ್ಯಾಸವಿಲ್ಲ. ಬಾಲ್ಯವೆಲ್ಲ ಹಾಸ್ಟೆಲ್ಲಿನಲ್ಲಿ ಕಳೆದವಳು ನಾನು. ಅಲ್ಲಿ ನಮಗೆ ಕಲಿಸಿದ್ದು ಒಂದೇ ಪತ್ರ, ಅದೂ ಇಂಗ್ಲಿಷಿನಲ್ಲಿ: ಜ್ವರ ಬಂದಿದೆ, ದಯವಿಟ್ಟು ರಜೆ ಕೊಡಿ. ಈಗ ಬರೆಯುತ್ತಿರುವುದನ್ನು ನೋಡಿ ರೂಮ್‌ಮೇಟ್, “ಹುಚ್ಚು ಹಿಡಿದಿದೆಯೇನೇ ನಿಂಗೆ? ಹಾಲ್ ಟಿಕೆಟ್ ತಡೆಹಿಡಿದ್ರೆ ಏನ್ಮಾಡ್ತೀಯಾ?” ಎಂದಳು. ಅದನ್ನು ಕೇಳಿ ಈ ಪತ್ರವನ್ನು ಎರಡು ಸಲ ಹರಿದು ಹಾಕಿದೆ. ಆದರೂ ಬರೆಯುತ್ತಿದ್ದೇನೆ. ತಮಗೆ ನನ್ನ ಮೇಲೆ ಸಿಟ್ಟು ಬಂದರೆ, ಇಷ್ಟು ಟೆನ್ಷನ್ ಮಾಡಿಕೊಂಡು ಬರೆದಿದ್ದಾಳಲ್ಲ ಎಂದಾದರೂ ನೆನೆಸಿಕೊಳ್ಳಿ.

ನಮ್ಮ ತರಗತಿಯಲ್ಲಿ ಮಕ್ಕಳಿಲ್ಲ. ನನ್ನನ್ನು ಬಿಟ್ಟರೆ ಉಳಿದವರೆಲ್ಲ ಒಂದು ಜೀವನ ಮುಗಿಸಿ ಇನ್ನೊಂದಕ್ಕೆ ಅರ್ಜಿ ಹಾಕಿದವರು. ಬಸ್ಸು ಓಡಿಸಿ ಓಡಿಸಿ ಬೆನ್ನು ಕಳೆದುಕೊಂಡ ಡ್ರೈವರ್ ಅಣ್ಣ. ಅಂಗಡಿ ಮುಚ್ಚಿದ ಮೇಲೆ ಗಲ್ಲಾಪೆಟ್ಟಿಗೆಯಿಂದ ಎದ್ದು ಬಂದ ಕ್ಯಾಶಿಯರ್ ಅಕ್ಕ. ಹಗಲೆಲ್ಲ ಎಲ್ಲೋ ದುಡಿದು ಸಂಜೆ ಬಂದು ಕೂರುವ ಇವರಿಗೆ ಬರೀ ಮಾತಿನ ಪಾಠ ಹೇಳಿದರೆ ಏನಾಗುತ್ತದೆ ಎಂದು ಮೇಡಂಗೆ ಗೊತ್ತಿತ್ತು. ತಲೆ ಎದೆಗೆ ಬೀಳುತ್ತದೆ, ಅಷ್ಟೇ. ಅದಕ್ಕೇ ಅವರು ಒಂದು ದಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮಷೀನಿನ ಹೊಟ್ಟೆ ಬಿಡಿಸಿ, ನಮ್ಮನ್ನೇ ನೀರಾಗಿ ಅದರೊಳಗೆ ನಡೆಸುತ್ತಿದ್ದರು. ಇನ್ನೊಂದು ದಿನ ಕಣ್ಣಿಗೆ ಬಟ್ಟೆ ಕಟ್ಟಿ, ಸವೆದ ಬೇರಿಂಗ್ ಯಾವುದು, ಹೊಸದು ಯಾವುದು, ಬೆರಳಿನಲ್ಲೇ ಹೇಳಿ ಎನ್ನುತ್ತಿದ್ದರು. ಮತ್ತೊಂದು ದಿನ ಹಳೇ ಮಷೀನು ರಿಪೇರಿ ಮಾಡಬೇಕೋ, ಹೊಸದು ಕೊಳ್ಳಿ ಅನ್ನಬೇಕೋ ಎಂದು ಜಗಳ ಹಚ್ಚಿ, ಮೇಡಂ ಮೂಲೆಯಲ್ಲಿ ನಿಂತು ನಗುತ್ತಿದ್ದರು. ಶನಿವಾರ ಬಂತೆಂದರೆ ಎಲ್ಲರಿಗೂ ಪ್ರಿಯವಾದ ಆಟ: ಒಂದು ಗುಂಪು ಕದ್ದು ಮಷೀನು ಕೆಡಿಸಬೇಕು, ಒಬ್ಬರು ಗಿರಾಕಿಯಾಗಿ ದೂರು ಹೇಳಬೇಕು, ಇನ್ನೊಂದು ಗುಂಪು ಕೇಳಿ, ನೋಡಿ, ಬಿಚ್ಚಿ ಪತ್ತೆ ಹಚ್ಚಬೇಕು. ಕೆಡಿಸಿದವರು ಬಾಯಿ ಬಿಡುವಂತಿಲ್ಲ.

ನಾನು ಮೊದಲ ವಾರ ಸ್ಕ್ರೂಡ್ರೈವರ್ ಹಿಡಿದು ಅಳುಮುಖ ಮಾಡಿಕೊಂಡು ನಿಂತಿದ್ದೆ. ಹಾಸ್ಟೆಲ್ಲಿನಲ್ಲಿ ಬಲ್ಬು ಹೋದರೂ ಮುಟ್ಟುವ ಹಾಗಿರಲಿಲ್ಲ. ವಾರ್ಡನ್‌ಗೆ ಹೇಳಿ ಕತ್ತಲಲ್ಲಿ ಕಾಯಬೇಕು. ತರಗತಿಯಲ್ಲಿ ಮಿಕ್ಸಿಯ ಮುಚ್ಚಳ ತೆಗೆಯುವ ಮುಂಚೆ ನನ್ನ ಬಾಯಿಂದ ತಾನಾಗಿ “ಎಕ್ಸ್‌ಕ್ಯೂಸ್ ಮಿ” ಎಂದು ಬಂದುಬಿಟ್ಟಿತು. ಡ್ರೈವರ್ ಅಣ್ಣ ಬಿದ್ದು ಬಿದ್ದು ನಕ್ಕರು. “ಏನಮ್ಮಾ ಎಕ್ಸ್‌ಕ್ಯೂಸ್ಮಿ, ಅದೇನು ಮಿಕ್ಸಿನೋ ನಿನ್ನ ಮಾವನೋ?” ಅವತ್ತಿನಿಂದ ನನ್ನ ಹೆಸರೇ ಅದಾಯಿತು. ಮೇಡಂ ಮಾತ್ರ ನಗದೆ ನನ್ನನ್ನು ಕೆಡಿಸುವ ಗುಂಪಿಗೆ ಹಾಕಿದರು. “ನಿಂಗೆ ಕೆಟ್ಟುಹೋಗುತ್ತೆ ಅಂತ ತಾನೇ ಭಯ? ಮೊದಲು ಕೆಡಿಸು. ಆಮೇಲೆ ಭಯಪಡೋಕೆ ಏನೂ ಉಳಿಯೋದಿಲ್ಲ.” ಕೆಡಿಸಲು ಹೋದ ಮೇಲೆ ಗೊತ್ತಾಯಿತು, ಎಲ್ಲಿ ಏನಿದೆ ಎಂದು ತಿಳಿಯದೆ ಚೆನ್ನಾಗಿ ಕೆಡಿಸಲೂ ಆಗುವುದಿಲ್ಲ. ಹೀಗೆ ನಾನು ಕಲಿತೆ. ತಮ್ಮ ಭಾಷೆಯಲ್ಲಿ ಇದಕ್ಕೆ “ಸಲಕರಣೆಗಳ ನಿರ್ವಹಣೆಯಲ್ಲಿ ಘೋರ ನಿರ್ಲಕ್ಷ್ಯ” ಎಂದು ಹೆಸರು.

ತಾವು ಬಂದ ಶನಿವಾರ ಗಿರಾಕಿಯ ಪಾತ್ರ ಕ್ಯಾಶಿಯರ್ ಅಕ್ಕನದು. ವರ್ಷಗಟ್ಟಲೆ ಗಲ್ಲಾದಲ್ಲಿ ಕೂತು ಗಿರಾಕಿಗಳ ಕೈಲಿ ಅನ್ನಿಸಿಕೊಂಡದ್ದನ್ನೆಲ್ಲ ಅವರು ಶನಿವಾರ ನಮ್ಮ ಮೇಲೆ ತೀರಿಸಿಕೊಳ್ಳುತ್ತಿದ್ದರು.

“ಏನ್ರೀ ಇದು? ಮೊನ್ನೆ ತಾನೇ ಸರಿ ಮಾಡಿದೀವಿ ಅಂತ ಹೋದ್ರಿ. ಮಷೀನು ನೀರು ಕುಡ್ಕೊಂಡು ಮುಖ ಊದಿಸ್ಕೊಂಡು ಕೂತಿದೆ! ನಾಳೆ ನನ್ ಗಂಡ ಕೆಲಸಕ್ಕೆ ಏನು ಉಟ್ಕೊಂಡು ಹೋಗ್ಬೇಕು, ನಿಮ್ ಬಿಲ್ಲಾ?”

“ಸ್ವಲ್ಪ ಸಮಾಧಾನ ಮಾಡ್ಕೊಳಿ ತಾಯಿ,” ಎಂದರು ಪತ್ತೆ ಹಚ್ಚುವ ಗುಂಪಿನ ಡ್ರೈವರ್ ಅಣ್ಣ. “ಏನಾದ್ರೂ ಶಬ್ದ ಬರ್ತಿತ್ತಾ?”

“ನನ್ ಶಬ್ದ ಬಿಟ್ರೆ ಇನ್ಯಾವ ಶಬ್ದಾನೂ ಇಲ್ಲ!”

ಆಗ ತಾವು ಬಾಗಿಲಲ್ಲಿ ಕಂಡಿರಿ. “ಏನು ನಡೀತಿದೆ ಇಲ್ಲಿ?” ಎಂದು ಗುಡುಗಿದಿರಿ. ಹಿಂದಿನ ವಾರ ಮೇಡಂ ವಾಚ್‌ಮನ್ ತಾತನನ್ನು ಕರೆತಂದು ಮನೆ ಮಾಲೀಕನ ಪಾತ್ರ ಕೊಟ್ಟಿದ್ದರು. ಈ ವಾರ ಅಧಿಕಾರಿಯನ್ನು ತಂದಿದ್ದಾರೆ ಎಂದುಕೊಂಡು ಅಕ್ಕ ತಮ್ಮತ್ತ ತಿರುಗಿದರು. “ಬನ್ನಿ ಸಾರ್, ನೀವಾದ್ರೂ ಕೇಳಿ. ಇವ್ರಿಗೆ ಕಲಿಸಿದವರು ಯಾರು ಅಂತ ಕೇಳಿ ಮೊದ್ಲು!”

“ತಾವು ಚಿಂತಿಸಬೇಡಿ ಅಮ್ಮಾ. ಇದನ್ನು ನಾನು ಇಲ್ಲಿಗೇ ಬಿಡೋದಿಲ್ಲ,” ಎಂದಿರಿ. ಹಿಂದಿನ ಕೋಣೆಯಿಂದ ಮೇಡಂ ಓಡಿ ಬಂದು “ಸಾರ್, ಇದು ಪಾಠ” ಎನ್ನುವಷ್ಟರಲ್ಲಿ ಅಂಗೈ ಎತ್ತಿ ತಡೆದಿರಿ. “ನಾನು ಕಣ್ಣಾರೆ ನೋಡಿದ್ದೇನೆ.” ಅವರನ್ನು ಕರೆದುಕೊಂಡು ಪ್ರಾಂಶುಪಾಲರ ಕೋಣೆಯತ್ತ ನಡೆದಿರಿ. ಅಕ್ಕ ನನ್ನ ಪಕ್ಕ ಬಂದು, “ಯಾರೇ ಅವ್ರು? ಎಷ್ಟು ಚೆನ್ನಾಗಿ ಮಾಡಿದ್ರು! ಒಂದ್ಸಲಾನೂ ನಗ್ಲಿಲ್ಲ ನೋಡು,” ಎಂದರು.

ನಿಜ, ತಾವು ನಗಲೇ ಇಲ್ಲ. ಮುಂದಿನ ವಾರ ಆದೇಶ ಬಂತು: ವಿಭಾಗದಲ್ಲಿ ಸುಸ್ಥಿತಿಯ ಯಂತ್ರಗಳನ್ನು ಮಾತ್ರ ಇಡತಕ್ಕದ್ದು, ವಯಸ್ಕ ಅಭ್ಯರ್ಥಿಗಳನ್ನು ಆಟಗಳಲ್ಲಿ ತೊಡಗಿಸದೆ ಪರದೆಯ ಮೇಲೆ ಪಾಠ ತೋರಿಸತಕ್ಕದ್ದು. ರಿಪೇರಿ ಕಲಿಸುವ ಕೋಣೆಯಲ್ಲಿ ಕೆಟ್ಟದ್ದು ಏನೂ ಇರಬಾರದು! ಈ ಬುದ್ಧಿ ತಮಗೆ ಎಲ್ಲಿಂದ ಬಂತು, ಮಾನ್ಯರೇ? ತಾವು ಆಸ್ಪತ್ರೆಯ ತಪಾಸಣೆಗೆ ಹೋದರೆ ರೋಗಿಗಳನ್ನು ಕಂಡು ಡಾಕ್ಟರನ್ನು ಅಮಾನತು ಮಾಡುತ್ತೀರಾ? ಈಜುಕೊಳದಲ್ಲಿ ನೀರು ನಿಂತಿದೆ ಎಂದು ಬಸಿದು ಒಣಗಿಸುತ್ತೀರಾ? ವಯಸ್ಕರಿಗೆ ಆಟ ಒಪ್ಪುವುದಿಲ್ಲ ಎಂದರೆ, ಅವತ್ತು ಎಲ್ಲರಿಗಿಂತ ತನ್ಮಯರಾಗಿ ಆಡಿದವರು ಯಾರು?

ಈಗ ಬಂದಿರುವ ಹೊಸ ಮೇಷ್ಟ್ರು ಪರದೆಯ ಮೇಲಿನ ಸಾಲುಗಳನ್ನು ನಮಗೆ ಓದಿ ಹೇಳುತ್ತಾರೆ, ನಮಗೆ ಓದು ಬರುವುದಿಲ್ಲವೋ ಎಂಬಂತೆ. ಅವರನ್ನು ಬಯ್ಯಲಾರೆ, ಅವರಿಗೂ ತಾವೆಂದರೆ ಭಯ. “ಒಂದ್ಸಲ ಬಿಚ್ಚಿ ನೋಡೋಣ್ವಾ ಮೇಷ್ಟ್ರೇ?” ಎಂದು ಅಕ್ಕ ಕೇಳಿದರೆ, “ಬೇಡ ಕಣ್ರೀ, ಬಿಚ್ಚಿದ್ರೆ ಕೆಟ್ಟುಹೋಗುತ್ತೆ!” ಎಂದರು. ಯಾರೂ ನಗಲಿಲ್ಲ. ಅರ್ಧ ಜನ ನಿದ್ದೆಯಲ್ಲಿದ್ದರು.

ತಮ್ಮ ವರದಿಯಲ್ಲಿ “ದೂರು ಕೊಟ್ಟ ಸಾರ್ವಜನಿಕರು” ಎಂದಿರುವುದು ನನ್ನನ್ನೇ, ಅದು ಬರೀ ಪಾತ್ರ ಎಂದು ಹೇಳಲು ಅಕ್ಕ ತಮ್ಮ ಕಚೇರಿಗೂ ಬಂದಿದ್ದರು. ಗುಮಾಸ್ತರು, “ದೂರು ಕೊಟ್ಟವರು ಸಾರ್ವಜನಿಕರು. ನೀವು ವಿದ್ಯಾರ್ಥಿನಿ. ಅಂದ್ಮೇಲೆ ನೀವು ಅವರು ಹೇಗಾಗ್ತೀರಾ?” ಎಂದು ಕಳಿಸಿದರಂತೆ. ಪಾತ್ರ ಅಷ್ಟು ಚೆನ್ನಾಗಿ ಮಾಡಿದ್ದಕ್ಕೆ ಅಕ್ಕ ಈಗ ದಿನವೂ ತಮ್ಮನ್ನು ತಾವೇ ಶಪಿಸಿಕೊಳ್ಳುತ್ತಿದ್ದಾರೆ.

ಡ್ರೈವರ್ ಅಣ್ಣ ಬರುವುದನ್ನೇ ಬಿಟ್ಟಿದ್ದಾರೆ. ಬಸ್ ಸ್ಟಾಪಿನಲ್ಲಿ ಸಿಕ್ಕಾಗ, “ಬನ್ನಿ ಅಣ್ಣಾ, ಕೋರ್ಸ್ ಮುಗಿಸೋಣ,” ಎಂದೆ. “ನೋಡಮ್ಮಾ, ಕೂತು ಕೂತೇ ನನ್ನ ಬೆನ್ನು ಹೋಗಿದ್ದು. ಮೇಡಂ ಇದ್ದಾಗ ನಿಂತ್ಕೊಂಡು, ಓಡಾಡ್ಕೊಂಡು, ಜಗಳ ಆಡ್ಕೊಂಡು ಕಲೀತಿದ್ದೆ. ಅಲ್ಲೂ ಕೂರೋದೇ ಆದ್ರೆ ಮನೇಲೇ ಕೂರ್ತೀನಿ ಬಿಡು,” ಎಂದರು. ನಗುತ್ತಲೇ ಹೇಳಿದರು. ಬಸ್ಸು ಬಂದರೂ ಹತ್ತಲಿಲ್ಲ. ಓಡಿಸುವವನ ಸೀಟನ್ನೇ ನೋಡುತ್ತ ನಿಂತಿದ್ದರು.

ಆ ಮಷೀನನ್ನು ತಾವು ಹೊರಗಿನ ಕಂಪನಿಗೆ ಕಳಿಸಿದಿರಿ. ಅದು ತಿರುಗಿ ಬಂದಿದೆ, “ಸುಸ್ಥಿತಿ” ಎಂಬ ಹೊಳೆಯುವ ಚೀಟಿ ಅಂಟಿಸಿಕೊಂಡು, ಯಾರೂ ಬಿಚ್ಚದಂತೆ ಸೀಲು ಹಾಕಿಸಿಕೊಂಡು. ಮೊನ್ನೆ ಹೊಸ ಮೇಷ್ಟ್ರು ಧೈರ್ಯ ಮಾಡಿ ಚಾಲೂ ಮಾಡಿದರು. ನೀರು ಕುಡಿಯಿತು, ಗೊಣಗಿತು, ಮುಖ ಊದಿಸಿಕೊಂಡು ಕೂತಿತು. ಕಾಲುಚೀಲ ಎಲ್ಲಿಟ್ಟಿದ್ದೆನೋ ಅಲ್ಲೇ ಇದೆ, ಮಾನ್ಯರೇ. ಕಂಪನಿಯವರು ಒಳಗೆ ಇಣುಕಿಯೇ ಇಲ್ಲ.

ಆದ್ದರಿಂದ ನನ್ನ ಬೇಡಿಕೆ. ಸೋಮವಾರ ವಿಚಾರಣೆಯ ಕೋಣೆಗೆ ಆ ಮಷೀನನ್ನು ತರಿಸಿ. ಸೀಲು ಒಡೆಯಿರಿ. ಬಿಚ್ಚಲು ನಾನು ಬರುತ್ತೇನೆ. ಒಳಗೆ ಕಾಲುಚೀಲ ಸಿಗದಿದ್ದರೆ ನನ್ನನ್ನು ಕೋರ್ಸಿನಿಂದ ತೆಗೆದುಹಾಕಿ, ತಕರಾರಿಲ್ಲ. ಸಿಕ್ಕರೆ ಅವತ್ತೇ ಸಂಜೆ ಮೇಡಂ ನಮ್ಮ ತರಗತಿಯಲ್ಲಿರಬೇಕು, ಅವರ ಹಿಂದೆಯೇ ನಮ್ಮ ಕೆಟ್ಟ ಯಂತ್ರಗಳೆಲ್ಲ ಬರಬೇಕು. ಬಾಯಿ ಬಿಡಬಾರದೆಂಬ ಆಟದ ನಿಯಮವನ್ನು ಇಷ್ಟು ದಿನ ಪಾಲಿಸಿದೆ, ಇನ್ನು ಪಾಲಿಸುವುದಿಲ್ಲ.

ಕಾಲುಚೀಲವನ್ನು ಮಾತ್ರ ಕಡತಕ್ಕೆ ಸೇರಿಸಬೇಡಿ, ನನಗೆ ಕೊಡಿ. ಅದು ಡ್ರೈವರ್ ಅಣ್ಣನದು, ಅವರು ಬಿಚ್ಚಿಟ್ಟ ಶೂಗಳೊಳಗಿಂದ ನಾನು ಕದ್ದದ್ದು. ಇನ್ನೊಂದು ಅವರ ಮನೆಯಲ್ಲಿ ಒಂಟಿಯಾಗಿ ಬಿದ್ದಿದೆಯಂತೆ. ಅವರನ್ನು ತರಗತಿಗೆ ಕರೆತರಲು ಹೋಗುವಾಗ ನಾನು ಬರಿಗೈಯಲ್ಲಿ ಹೋಗಬಾರದು.

ಇಂತಿ,
ತಮಗೆ ಮಾತ್ರ ಎಕ್ಸ್‌ಕ್ಯೂಸ್ ಮಿ ಎನ್ನದ,
ರಿಪೇರಿ ವಿಭಾಗದ ಪ್ರಥಮ ವರ್ಷದವಳು