ಮೈಕು ಕಳಿಸಿಕೊಡಿ, ಮೇಷ್ಟ್ರೇ

ಪ್ರೀತಿಯ ಮೇಷ್ಟ್ರಿಗೆ,

ಭಾನುವಾರದ ವಾಕ್ ಸ್ವಾತಂತ್ರ್ಯದ ಸಭೆಯಲ್ಲಿ ನಿಮ್ಮ ಭಾಷಣ ಇರುವುದಿಲ್ಲ. ಬೇರೆಯವರ ದೇವರನ್ನು ನೀವು ಝಾಡಿಸಿದಾಗ ಚಪ್ಪಾಳೆ ತಟ್ಟಿದವರು ನಾವೇ. ಹೋದ ವಾರ ನಮ್ಮವರ ಗುರುಗಳನ್ನೇ, "ಕೂಲಿ ಕೇಳಿದ್ರೆ ಪುಣ್ಯ ಕೊಡ್ತಾನಲ್ಲ, ಇವನೆಂಥ ಗುರು?" ಎಂದುಬಿಟ್ಟಿರಿ. ಆಗ ನಮ್ಮ ಬುಡಕ್ಕೇ ಬಿಸಿ ತಟ್ಟಿತು.

"ಗುರುಗಳ ಭಕ್ತರ ಓಟು ಬೇಕಲ್ರಪ್ಪಾ! ಚುನಾವಣೆ ಮುಗೀಲಿ, ಆಮೇಲೆ ಮುದುಕ ಎಷ್ಟಾದ್ರೂ ಕೂಗಾಡ್ಲಿ" ಎಂದರು ಸಂಘದ ಅಧ್ಯಕ್ಷರು. ಎಲ್ಲರೂ ನಕ್ಕರು. ನಿಮ್ಮ ಭಾಷಣ ಕೈಬಿಡಲು ಒಪ್ಪುವವರು ಕೈ ಎತ್ತಿ ಎಂದಾಗ ನಾನೂ ಎತ್ತಿದೆ.

ಈಗೊಂದು ನಾಚಿಕೆಗೆಟ್ಟ ಕೋರಿಕೆ. ಸಂಘದ ಮೈಕು ನಿಮ್ಮ ಮಂಚದ ಕೆಳಗಿದೆ. ಪತ್ರ ತಂದ ಆಟೋದ ಅಣ್ಣನ ಕೈಲಿ ಕಳಿಸಿಕೊಡಿ. ಅದರ ವೈರು ಸಡಿಲ. ಹೇಗೆ ಹಿಡಿದರೆ ದನಿ ಬರುತ್ತದೆಂಬುದು ನಿಮಗೊಬ್ಬರಿಗೇ ಗೊತ್ತು. ದಯವಿಟ್ಟು ಅವನಿಗೆ ತೋರಿಸಿ. ನಿಮ್ಮ ಮಂಡಿನೋವಿನ ಎಣ್ಣೆಯನ್ನೂ ಕಳಿಸಿದ್ದೇನೆ. ನನ್ನನ್ನು ಬೈದಾದರೂ ಹಚ್ಚಿಕೊಳ್ಳಿ.

ನನ್ನ ಮೊದಲ ಘೋಷಣೆ ಕೇಳಿ ನೀವು ಬಾಯಿಬಡುಕಿ ಎಂದು ಹೆಸರಿಟ್ಟಿರಿ. ನಿಮಗೆ ಬರೆದ ಪತ್ರಕ್ಕೆಲ್ಲ ಹೆಮ್ಮೆಯಿಂದ ಅದನ್ನೇ ಸಹಿಯಾಗಿ ಹಾಕುತ್ತಿದ್ದೆ. ಈ ಪತ್ರಕ್ಕೆ ಹಾಕಲು ಕೈ ಬರಲಿಲ್ಲ.

ಇತಿ,
ಸಂಘದ ಕಾರ್ಯದರ್ಶಿ