ಏಳು ರಾತ್ರಿಯ ಟಿಕೆಟ್

ಅಕ್ಟೋಬರ್ ೨೮, ಮಂಗಳವಾರ

ಇವತ್ತು ಹದಿನಾಲ್ಕು ಹಲ್ಲು. ಮೇಲ್ದವಡೆಯ ಕಟ್ಟುಹಲ್ಲಿನ ಪೂರ್ತಿ ಸೆಟ್ಟು. ಮೇಣದಲ್ಲಿ ಕೂರಿಸಿ ಮುಗಿಸುವಷ್ಟರಲ್ಲಿ ಕುತ್ತಿಗೆ ಮರಗಟ್ಟಿತ್ತು. ನಿನ್ನೆಯದು ವಾಪಸ್ ಬಂದಿದೆ — ತೀರಾ ಬಿಳಿಯಂತೆ. ಎಪ್ಪತ್ತರ ಬಾಯಿಗೆ ಇಪ್ಪತ್ತರ ಹಲ್ಲು ಬೇಕು ಅಂದ ಡಾಕ್ಟರೂ ಅವರೇ. ಇರಲಿ.

ಊಟದ ಹೊತ್ತಿಗೆ ಲ್ಯಾಬಿನಲ್ಲಿ ಪ್ಲಾಸ್ಟರ್ ಕಲಸುವ ಅಕ್ಕ ಕೇಳಿದರು, "ಅಲ್ಲಾ ಕಣೇ, ತಿಂಗಳು ತಿಂಗಳು ಅಷ್ಟು ದೂರ ವಿಮಾನದಲ್ಲಿ ಹೋಗಿ ಬರ್ತೀಯಲ್ಲ, ನಮ್ಮ ಸಂಬಳದಲ್ಲಿ ಅದು ಹೇಗೆ?"

ಹೇಳಿಕೊಟ್ಟೆ. ಅಗ್ಗದ ಟಿಕೆಟ್ಟಿಗೆ ಒಂದು ಷರತ್ತು — ಹೋದಲ್ಲಿ ಕನಿಷ್ಠ ಏಳು ರಾತ್ರಿ ಇರಬೇಕು. ನನಗೆ ರಜೆ ಸಿಗುವುದೇ ಮೂರು ದಿನ. ಅದಕ್ಕೇ ಒಂದರ ಹೊಟ್ಟೆಯಲ್ಲಿ ಇನ್ನೊಂದು. ಮೊದಲ ಟಿಕೆಟ್ಟು, ಈ ತಿಂಗಳು ಇಲ್ಲಿಂದ ಹೋಗಿ ಮುಂದಿನ ತಿಂಗಳು ವಾಪಸ್. ಎರಡನೆಯದು ಅಲ್ಲಿಂದ ಶುರು, ಈ ತಿಂಗಳು ಇಲ್ಲಿಗೆ ಬಂದು ಮುಂದಿನ ತಿಂಗಳು ಅಲ್ಲಿಗೆ. ಹೋಗುವುದು ಮೊದಲನೆಯದರಲ್ಲಿ, ಎರಡು ರಾತ್ರಿ ಕಳೆದು ಬರುವುದು ಎರಡನೆಯದರಲ್ಲಿ. ಉಳಿದರ್ಧಗಳು ಮುಂದಿನ ತಿಂಗಳಿಗೆ. ಕಾಗದದ ಮೇಲೆ ತಿಂಗಳುಗಟ್ಟಲೆ ಇದ್ದಂತೆ. ಇದ್ದದ್ದು ಎರಡೇ ರಾತ್ರಿ.

"ಅಬ್ಬಾ, ಕಳ್ಳಿ!"

"ಕಳ್ಳತನ ಎಂಥದ್ದು ಅಕ್ಕಾ? ಎರಡಕ್ಕೂ ಕಾಸು ಕೊಟ್ಟೇ ಕೂತ್ಕೊಳ್ಳೋದು."

ಎರಡು ವರ್ಷದಿಂದ ಹೀಗೇ. ಮಗಳು ಚೂಟಿ ಅಲ್ಲಿ, ಅವಳಪ್ಪನ ಹತ್ತಿರ. ಕೋರ್ಟಿನ ಮಾತು — ತಿಂಗಳಿಗೊಂದು ಶನಿವಾರ ನಾನು ಅಲ್ಲಿಗೇ ಹೋಗಿ ಮಗಳನ್ನು ನೋಡಬೇಕು. ಸತತ ಎರಡು ತಿಂಗಳು ತಪ್ಪಿತೋ, ಅವಳಿಗೆ ಹತ್ತು ತುಂಬುವ ತನಕ ಬರೀ ಫೋನಿನ ಪರದೆ. ಅವಳಿಗೀಗ ಏಳೂವರೆ. ಅಕ್ಟೋಬರ್ ಆಗಲೇ ತಪ್ಪಿದೆ, ಹಾಳು ಜ್ವರ. ನವೆಂಬರ್ ತಪ್ಪುವ ಹಾಗೇ ಇಲ್ಲ. ಹದಿಮೂರಕ್ಕೆ ವಿಮಾನ.

ಅಕ್ಟೋಬರ್ ೩೦, ಗುರುವಾರ

ವಿಮಾನ ಕಂಪನಿ ಪ್ರತಿ ಪ್ರಯಾಣಕ್ಕೂ ಕೊಡುವ ಪಾಯಿಂಟ್ಸ್ ನೋಡಿದೆ. ಬೇಸಿಗೆ ರಜೆಗೆ ಚೂಟಿಯನ್ನು ಇಲ್ಲಿಗೆ ಕರೆಸುವ ಟಿಕೆಟ್ಟಿಗೆ ಇನ್ನು ಒಂಚೂರು ಕಡಿಮೆ. ಒಂದೇ ಒಂದು ಟ್ರಿಪ್ಪಿನಷ್ಟು!

ಇಷ್ಟು ದಿನ ಎರಡು ಟಿಕೆಟ್ಟಿನಲ್ಲಿ ಒಂದಕ್ಕೆ ಮಾತ್ರ ಪಾಯಿಂಟ್ಸ್ ಸೇರಿಸುವ ಮೆಂಬರ್ ನಂಬರ್ ಹಾಕುತ್ತಿದ್ದೆ. ಟಿಕೆಟ್ ಅಂಗಡಿಯಣ್ಣ ಮೊದಲ ದಿನವೇ ಹೇಳಿದ್ದ, "ಎರಡಕ್ಕೂ ಒಂದೇ ನಂಬರ್ ಹಾಕ್ಬೇಡಿ ಮೇಡಂ. ಹಾಕಿದ್ರೆ ಕಂಪ್ಯೂಟರ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೆ."

ಇವತ್ತು ಎರಡಕ್ಕೂ ಹಾಕಿಬಿಟ್ಟೆ. ಒಂದು ಸಲ ತಾನೇ. ಆಕಾಶವೇನೂ ಕಳಚಿ ಬೀಳುವುದಿಲ್ಲ.

ನವೆಂಬರ್ ೪, ಮಂಗಳವಾರ

ಕಳಚಿ ಬಿತ್ತು.

ವಿಮಾನ ಕಂಪನಿಯಿಂದ ಮೇಲ್ ಬಂದಿದೆ. "ನೀವು ನಮ್ಮ ಅಮೂಲ್ಯ ಸದಸ್ಯರು" ಎಂದು ಶುರು. ಕನಿಷ್ಠ ವಾಸದ ನಿಯಮ ತಪ್ಪಿಸುವ ಉದ್ದೇಶದಿಂದ ಕೊಂಡ ಟಿಕೆಟ್ಟುಗಳು. ಎರಡೂ ರದ್ದು. ಹಣ ವಾಪಸಿಲ್ಲ. ಪಾಯಿಂಟ್ಸ್ ತಡೆಹಿಡಿಯಲಾಗಿದೆ. ಎರಡು ವರ್ಷದ ಪಾಯಿಂಟ್ಸ್!

ಕೆಳಗೆ "ಶುಭ ಪ್ರಯಾಣ" ಬೇರೆ.

ಬುದ್ಧಿ ಎಲ್ಲಿ ಮೇಯಲು ಹೋಗಿತ್ತು ನನಗೆ?

ನವೆಂಬರ್ ೫, ಬುಧವಾರ

ಮಧ್ಯಾಹ್ನ ಲ್ಯಾಬಿನ ಮೆಟ್ಟಿಲ ಮೇಲೆ ಕೂತು ವಿಮಾನ ಕಂಪನಿಗೆ ಫೋನು ಮಾಡಿದೆ. ನಲವತ್ತು ನಿಮಿಷ ಸಂಗೀತ. ಆಮೇಲೆ ಒಬ್ಬ ಹುಡುಗಿ.

"ಅಲ್ಲಮ್ಮಾ, ಎರಡೂ ಟಿಕೆಟ್ಟಿಗೆ ದುಡ್ಡು ಕೊಟ್ಟಿದ್ದೀನಿ. ಯಾವ ಸೀಟೂ ಖಾಲಿ ಬಿಟ್ಟಿಲ್ಲ. ನಿಮಗೇನು ನಷ್ಟ?"

"ಅರ್ಥ ಆಗುತ್ತೆ ಮೇಡಂ."

"ಅರ್ಥ ಆದ್ರೆ ಸರಿ ಮಾಡು. ನನ್ನ ಮಗಳನ್ನ ನೋಡೋಕೆ ಹೋಗೋದು ನಾನು. ದಮ್ಮಯ್ಯ ಅಂತೀನಿ."

"ಅದಕ್ಕೆ ಅವಕಾಶ ಇಲ್ಲ ಮೇಡಂ. ಬೇರೆ ಏನಾದ್ರೂ ಸಹಾಯ ಬೇಕಿತ್ತಾ?"

ಪಾಪ, ಅವಳದೇನು ತಪ್ಪು. ಆದರೂ ಬೈದೆ.

ಸಂಜೆ ಟಿಕೆಟ್ ಅಂಗಡಿಗೆ ಹೋದೆ. ಅಣ್ಣ "ಹೇಳಿದ್ನಲ್ಲ" ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು. ಸುಮ್ಮನೆ ಕಂಪ್ಯೂಟರ್ ನನ್ನ ಕಡೆ ತಿರುಗಿಸಿದ. ರಾತ್ರಿಗಳ ಷರತ್ತಿಲ್ಲದ ಟಿಕೆಟ್ಟು ನನ್ನ ನಾಲ್ಕು ತಿಂಗಳ ಸಂಬಳ.

ನವೆಂಬರ್ ೧೦, ಸೋಮವಾರ

ವಕೀಲಮ್ಮನ ಹತ್ತಿರ ಹೋಗಿದ್ದೆ. ಒಂದು ತಿಂಗಳು ವಿನಾಯಿತಿ ಕೇಳೋಣ ಅಂದೆ.

"ಕೇಳೋಣ. ಯಾಕೆ ಹೋಗ್ಲಿಲ್ಲ ಅಂತಾರೆ ಜಡ್ಜು. ವಿಮಾನದವರು ಕ್ಯಾನ್ಸಲ್ ಮಾಡಿದ್ರು ಅಂತೀವಿ. ಯಾಕೆ ಮಾಡಿದ್ರು ಅಂತಾರೆ. ಆಗ ಏನು ಹೇಳ್ತೀರಿ? ರೂಲ್ ತಪ್ಪಿಸೋಕೆ ಹೋಗಿ ಸಿಕ್ಕಿಬಿದ್ದೆ ಅಂತಲಾ?"

ಫೈಲು ಎತ್ತಿಕೊಂಡು ಎದ್ದೆ.

ಅವಳಪ್ಪನಿಗೂ ಫೋನು ಮಾಡಿದೆ. ಮಾಡಬಾರದು ಅಂತಿದ್ದೆ, ಮಾಡಿದೆ. "ಪೇಪರಲ್ಲಿ ಏನಿದ್ಯೋ ಅದು" ಅಂದ. ಕೂಗಾಡಲೂ ಇಲ್ಲ ಮಹಾರಾಯ. ಕೂಗಾಡಿದ್ದರೆ ನಾನೂ ನಾಲ್ಕು ಮಾತು ಅನ್ನಬಹುದಿತ್ತು.

ಆಮೇಲೆ ಚೂಟಿ ಫೋನು ಕಿತ್ತುಕೊಂಡಳು. "ಈ ಸಲ ಜ್ವರ ಬರ್ಸ್ಕೋಬೇಡ." ಇಲ್ಲ ಕಂದಾ ಅಂದೆ.

ನವೆಂಬರ್ ೧೮, ಮಂಗಳವಾರ

ಹದಿಮೂರರ ವಿಮಾನ ನಾನಿಲ್ಲದೆ ಹೋಯಿತು. ಆ ಹೊತ್ತಿಗೆ ಯಾರದೋ ಕೆಳದವಡೆಗೆ ಮೇಣ ಸುರಿಯುತ್ತಿದ್ದೆ. ಸುರಿದದ್ದು ಅಚ್ಚಿನಿಂದ ಆಚೆಗೆ ಹರಿಯಿತು. ಮತ್ತೆ ಮಾಡಿದೆ.

ಅಂಗಡಿಯಣ್ಣ ಇವತ್ತು ತಾನಾಗಿಯೇ ಕರೆದ. ಬೇರೆ ಕಂಪನಿಯದು, ಅಗ್ಗದ್ದು, ಇಪ್ಪತ್ತಾರಕ್ಕೆ ಹೊರಡುತ್ತದೆ. ತಲುಪುವುದು ಶುಕ್ರವಾರ. ಇಪ್ಪತ್ತೊಂಬತ್ತರ ಶನಿವಾರ ಸಿಗುತ್ತದೆ — ತಿಂಗಳ ಕೊನೆಯ ಶನಿವಾರ. ನನ್ನಲ್ಲಿರುವುದನ್ನೆಲ್ಲ ಬಳಿದು ಹಾಕಿದರೆ ಅದೊಂದು ಆಗುತ್ತದೆ. ಒಂದೇ. ಹೊಟ್ಟೆಯಲ್ಲಿ ಇನ್ನೊಂದನ್ನು ಇಡಲು ಏನೂ ಉಳಿಯುವುದಿಲ್ಲ. ಅಂದರೆ ಏಳು ರಾತ್ರಿ ಇರಲೇಬೇಕು.

ಲ್ಯಾಬಿನ ಯಜಮಾನರ ಬಳಿ ಹೋದೆ.

"ಹತ್ತು ದಿನವಾ? ವರ್ಷದ ಕೊನೆ ಆರ್ಡರ್ ಎಷ್ಟಿದೆ ಗೊತ್ತಾ? ಯಾವತ್ತಿನ ಹಾಗೆ ಮೂರು ದಿನ ತಗೋ."

"ಈ ಸಲ ಆಗಲ್ಲ ಸಾರ್."

"ಹಾಗಾದ್ರೆ ವಾಪಸ್ ಬಂದಾಗ ನಿನ್ನ ಕುರ್ಚಿ ಇರಲ್ಲಮ್ಮ. ಆಮೇಲೆ ನನ್ನನ್ನ ಅನ್ಬೇಡ."

ಕೆಟ್ಟವರಲ್ಲ. ಎರಡು ವರ್ಷ ತಿಂಗಳು ತಿಂಗಳು ರಜೆ ಕೊಟ್ಟಿದ್ದಾರೆ, ಗೊಣಗುತ್ತಲೇ. ಈ ಕೆಲಸ ಹೋದರೆ ಡಿಸೆಂಬರಿಗೆ ಯಾವ ದುಡ್ಡಿನಲ್ಲಿ ಟಿಕೆಟ್ ತೆಗೆಯಲಿ? ಜನವರಿಗೆ? ಹೋದರೂ ಕೆಟ್ಟೆ, ಹೋಗದಿದ್ದರೂ ಕೆಟ್ಟೆ. ಯಾರನ್ನಾದರೂ ಹಿಡಿದು ಜಗಳ ಆಡಬೇಕು ಅನ್ನಿಸುತ್ತಿದೆ. ಯಾರಿದ್ದಾರೆ? ನಂಬರ್ ಹಾಕಿದ್ದು ನಾನೇ.

ನವೆಂಬರ್ ೨೦

ಟಿಕೆಟ್ ತೆಗೆದೆ. ನಂಬರ್ ಹಾಕಲಿಲ್ಲ.

ನವೆಂಬರ್ ೨೬, ಬುಧವಾರ, ಬೆಳಿಗ್ಗೆ

ಮೇಣದ ಚಾಕು, ಏಪ್ರನ್ನು, ಹಲ್ಲಿನ ಬಣ್ಣ ಹೊಂದಿಸುವ ಪಟ್ಟಿ ಎಲ್ಲ ಅಕ್ಕನ ಕೈಗೆ ಕೊಟ್ಟೆ. "ಥೂ, ಇದನ್ನೆಲ್ಲ ಯಾಕೆ ಕೊಡ್ತೀಯ, ಹೋಗಿ ಬಾ" ಅಂತ ಬೈದರು. ಬೈಯುತ್ತಲೇ ಮೂಗು ಒರೆಸಿಕೊಂಡರು. ಮೂಗಿನ ತುಂಬ ಪ್ಲಾಸ್ಟರು. ಇಬ್ಬರೂ ನಕ್ಕೆವು.

ಒಂಬತ್ತು ವರ್ಷ ಕೂತ ಕುರ್ಚಿ. ತಿರುಗಿ ನೋಡಲಿಲ್ಲ.

ನವೆಂಬರ್ ೨೯, ಶನಿವಾರ

ಹತ್ತರಿಂದ ಐದು. ಕೋರ್ಟಿನ ಕಾಗದಕ್ಕೆ ಅವಳಪ್ಪನ ಎದುರು ಸಹಿ ಹಾಕಿದೆ. ನವೆಂಬರ್ ಉಳಿಯಿತು.

ಚೂಟಿಯ ಮುಂದಿನ ಎರಡು ಹಲ್ಲು ಬಿದ್ದಿವೆ. ಫೋನಿನಲ್ಲಿ ನೋಡಿದ್ದೆ, ಎದುರಿಗೆ ನೋಡುವುದೇ ಬೇರೆ. ಹೊಸದರ ಅಂಚು ಆಗಲೇ ಇಣುಕಿದೆ, ಸಣ್ಣ ಗರಗಸದ ಹಾಗೆ. ಬೆರಳು ತೊಳೆದುಕೊಂಡು ಮುಟ್ಟಿ ನೋಡಿದೆ. "ಅಮ್ಮಾ, ನಾನೇನು ನಿನ್ನ ಗಿರಾಕಿನಾ?" ಅಂದಳು. ಬಾಯಿ ನೋಡು!

ಐದಕ್ಕೆ ತಾನಾಗಿಯೇ ಎದ್ದು ಶೂ ಹಾಕಿಕೊಂಡಳು. ಅಳಲಿಲ್ಲ. "ನಾಳೆ ಹೋಗ್ತೀಯಲ್ಲ. ಟಾಟಾ."

"ಇಲ್ಲ, ಈ ಸಲ ಶುಕ್ರವಾರದ ತನಕ ಇರ್ತೀನಿ."

ಸುಳ್ಳು ಹೇಳುವವರನ್ನು ನೋಡುವ ಹಾಗೆ ನೋಡಿದಳು.

ಡಿಸೆಂಬರ್ ೨, ಮಂಗಳವಾರ

ಬಾಡಿಗೆ ರೂಮಿನ ಕಿಟಕಿಯಿಂದ ಕಾಣುವುದು ಬಸ್ ನಿಲ್ದಾಣ. ಮೂರು ದಿನದಿಂದ ಬಸ್ ಎಣಿಸುತ್ತಿದ್ದೇನೆ. ಅವಳ ಶಾಲೆ ನಾಲ್ಕು ನಿಲ್ದಾಣದಾಚೆ. ಹೋಗುವಂತಿಲ್ಲ. ಕಾಗದದಲ್ಲಿ ಶನಿವಾರ ಮಾತ್ರ. ಕೆಲಸ ಬಿಟ್ಟು, ಸಮುದ್ರ ದಾಟಿ ಬಂದು, ಇಲ್ಲಿ ಬಸ್ ಎಣಿಸುತ್ತಿರುವ ನನಗಿಂತ ಹುಚ್ಚಿ ಯಾರಿದ್ದಾರೆ?

ಮಾನ ಮರ್ಯಾದೆ ಬಿಟ್ಟು ಅವಳಪ್ಪನಿಗೆ ಫೋನು ಮಾಡಿದೆ.

"ಇನ್ನೂ ಇಲ್ಲೇ ಇದ್ದೀಯಾ?" ಅಂದ. ನಿಜವಾಗಿಯೂ ಬೆರಗಾಗಿದ್ದ.

"ಶುಕ್ರವಾರದ ತನಕ."

"ನಾಳೆ ಸ್ಕೂಲಿಂದ ನೀನೇ ಕರ್ಕೊಂಡು ಹೋಗು. ಆರಕ್ಕೆ ಬಿಡು. ಹೋಮ್‌ವರ್ಕ್ ಮಾಡ್ಸು."

ಫೋನಿಟ್ಟು ಅತ್ತೆ.

ಡಿಸೆಂಬರ್ ೩, ಬುಧವಾರ, ಸಂಜೆ ಐದೂಕಾಲು

ಮೊದಲ ಸಲ ಶಾಲೆಯ ಗೇಟಿನಲ್ಲಿ ನಿಂತೆ. ಓಡಿ ಬಂದವಳು ಗೆಳತಿಗೆ ತೋರಿಸಿದಳು, "ನೋಡು, ನಂಗೆ ಅಮ್ಮ ಇದಾಳೆ ಅಂದೆ ತಾನೇ!"

ರೂಮಿಗೆ ಬಂದು ಬ್ರೆಡ್ಡು ತಿಂದು ಹೋಮ್‌ವರ್ಕಿಗೆ ಕೂತೆವು. ಪೆನ್ಸಿಲ್ ಹುಡುಕಲು ನನ್ನ ಚೀಲಕ್ಕೆ ಕೈ ಹಾಕಿದವಳಿಗೆ ಸಿಕ್ಕಿದ್ದು ಟಿಕೆಟ್ಟಿನ ಕಾಗದ. ಈಗ ಸಿಕ್ಕಿದ್ದನ್ನೆಲ್ಲ ಓದುತ್ತಾಳೆ.

"ಕನಿಷ್ಠ ವಾಸ ಏಳು ರಾತ್ರಿ. ಹಾಗಂದ್ರೇನಮ್ಮಾ?"

"ಹೋದ ಜಾಗದಲ್ಲಿ ಅಷ್ಟು ದಿನ ಇರಲೇಬೇಕು ಅಂತ. ಅದಕ್ಕಿಂತ ಮುಂಚೆ ಹೊರಡೋ ಹಾಗಿಲ್ಲ."

"ಹೊಸಾ ರೂಲಾ?"

"ಇಲ್ಲಮ್ಮ, ಮುಂಚಿಂದಾನೂ ಇದೆ."

"ಮತ್ತೆ ನೀನು ಯಾವಾಗ್ಲೂ ಎರಡೇ ರಾತ್ರಿ ಇರ್ತಿದ್ದೆ?"

"ಅದಾ? ನಾನೊಂದು ಉಪಾಯ ಮಾಡ್ತಿದ್ದೆ, ಬೇಗ ವಾಪಸ್ ಹೋಗೋಕೆ."

ಜಂಬದಿಂದಲೇ ಹೇಳಿದೆ. ಅಕ್ಕನಿಗೆ ಹೇಳಿದ ಹಾಗೆ. ಏನು ಹೇಳಿದೆ ಎಂದು ತಿಳಿಯುವ ಮೊದಲೇ ಬಾಯಿಂದ ಬಂದಾಗಿತ್ತು.

ಚೂಟಿ ಕಾಗದವನ್ನು ಇದ್ದ ಹಾಗೆ ಮಡಚಿದಳು. "ಅಂದ್ರೆ ಅವರು ಇರು ಅಂತಿದ್ರು. ನೀನೇ ಹೋಗ್ತಿದ್ದೆ."

ಸಿಟ್ಟಿಲ್ಲ. ಲೆಕ್ಕದ ಉತ್ತರ ಹೇಳುವ ಹಾಗೆ ಹೇಳಿದಳು.

"ಹಾಗಲ್ಲ ಕಂದಾ —"

"ಪೆನ್ಸಿಲ್ ಕೊಡಮ್ಮಾ."

ಕೊಟ್ಟೆ. ಬರೆಯುತ್ತಿದ್ದಾಳೆ, ಎದುರಿಗೇ, ತಲೆ ಎತ್ತದೆ. ನಾನೂ ಈ ಡೈರಿ ಹಿಡಿದು ಬರೆಯುತ್ತಾ ಕೂತಿದ್ದೇನೆ. ಆರಕ್ಕೆ ಬಿಡಬೇಕು. ಬಸ್ಸಿಗೆ ಹೊರಡಲು ಇನ್ನು ಕಾಲು ಗಂಟೆ. ಅಷ್ಟರೊಳಗೆ ಹೇಳಬೇಕು, ಅವಳಿಗೆ ತಿಳಿಯುವ ಮಾತಿನಲ್ಲಿ. ಚೂಟೀ, ಇಲ್ಲಿ ನೋಡು. ಅಮ್ಮ ಬೇಗ ಹೋಗ್ತಿದ್ದದ್ದು ಯಾಕಂದ್ರೆ —